ಕೆಚುವಾ ಕೈನೇಯ್ಗೆ ಕೊಳ್ಳುವ ಮುನ್ನ: ಮೊದಲು ಅಂಚು ನೋಡಿ, ಆಮೇಲೆ ಚಿತ್ತಾರ

ಮಾಚು ಪಿಚು ನೋಡಲು ಹೋದವರು ಹೆಚ್ಚುಕಡಿಮೆ ಎಲ್ಲರೂ ಪೆರುವಿನ ಕುಸ್ಕೊದಲ್ಲಿ ಒಂದೆರಡು ದಿನ ಉಳಿಯುತ್ತಾರೆ. ಅಲ್ಲಿನ ಬೀದಿಗಳಲ್ಲಿ ಬಣ್ಣಬಣ್ಣದ ಬಟ್ಟೆಯ ರಾಶಿ ಬಿದ್ದಿರುತ್ತದೆ. ಪ್ರತಿ ಅಂಗಡಿಯಲ್ಲೂ ಒಂದೇ ಮಾತು: ಕೈಯಲ್ಲಿ ನೇಯ್ದದ್ದು, ಅಲ್ಪಾಕಾ (ಒಂಟೆಯ ಬಳಗದ ಸಾಕುಪ್ರಾಣಿ) ಉಣ್ಣೆ, ಗಿಡಮೂಲಿಕೆ ಬಣ್ಣ. ಈ ಮೂರರಲ್ಲಿ ಒಂದು ನಿಜವಾಗಿ ಉಳಿದೆರಡು ಸುಳ್ಳಾಗಿರುವುದು ಉಂಟು. ಮೂರೂ ಸುಳ್ಳಾಗಿರುವುದೂ ಉಂಟು.

ಸಾಮಾನ್ಯವಾಗಿ ನಾವು ಮಾಡುವುದೇನು? ಚಿತ್ತಾರ ನೋಡಿ ಮರುಳಾಗುತ್ತೇವೆ. "ಇದರ ಅರ್ಥ ಏನು?" ಅಂತ ಕೇಳುತ್ತೇವೆ. ಅಂಗಡಿಯವರು ಒಂದು ಕಥೆ ಹೇಳುತ್ತಾರೆ. ದುಡ್ಡು ಕೊಟ್ಟು ಬರುತ್ತೇವೆ. ಇದನ್ನು ತಿರುಗಿಸಿ ಮಾಡಿ ಅನ್ನುವುದು ನನ್ನ ಸಲಹೆ. ಮೊದಲು ಅಂಚು, ಆಮೇಲೆ ಹಿಂಬದಿ, ನೂಲು, ಬಣ್ಣ. ಚಿತ್ತಾರ ಕೊನೆಗಿರಲಿ. ಅಂಗಡಿಯಲ್ಲಿ ಹತ್ತು ನಿಮಿಷ ಸಾಕು. ಅಮೆರಿಕದಲ್ಲಿ ಕೂತು ಆನ್‌ಲೈನ್‌ನಲ್ಲಿ ಕೊಳ್ಳುವವರು ಇದೇ ಕ್ರಮದಲ್ಲಿ ಫೋಟೊ ಕಳಿಸಿ ಎಂದು ಕೇಳಬಹುದು.

ಯಾವುದು ಏನು, ಸ್ವಲ್ಪ ಪರಿಚಯ

ಕೆಚುವಾ ಮಾತಾಡುವ ಜನ ಪೆರು, ಬೊಲಿವಿಯಾ, ಎಕ್ವಡಾರ್‌ನ ಆಂಡಿಸ್ ಬೆಟ್ಟಗಳ ಉದ್ದಕ್ಕೂ ಇದ್ದಾರೆ. ಇಂಕಾ ದೊರೆಗಳ ಆಡಳಿತ ಭಾಷೆಯೂ ಅದೇ ಆಗಿತ್ತು. ಕುಸ್ಕೊ ಸುತ್ತಲಿನ ಹಳ್ಳಿಗಳಲ್ಲಿ ನಿಮಗೆ ಸಿಗುವ ಮುಖ್ಯ ಬಟ್ಟೆಗಳು ಇವು.

ಲಿಕ್ಲ್ಯಾ ಅಂದರೆ ಹೆಂಗಸರು ಹೆಗಲಿಗೆ ಹೊದ್ದು ಎದೆಯ ಹತ್ತಿರ ಪಿನ್ನು ಚುಚ್ಚಿಕೊಳ್ಳುವ ಚೌಕ ಬಟ್ಟೆ. ಒಂದೇ ಅಳತೆಯ ಎರಡು ಪಟ್ಟಿ ನೇಯ್ದು ನಡುವೆ ಹೊಲಿದಿರುತ್ತಾರೆ. ಚುಸ್ಪಾ ಕೋಕಾ ಎಲೆ ಇಟ್ಟುಕೊಳ್ಳುವ ಪುಟ್ಟ ಚೀಲ. ಚುಂಪಿ ಸೊಂಟಪಟ್ಟಿ. ಗಂಡಸರಿಗೆ ಪೊಂಚೊ. ಹಾಕಿಮಾ ಎಂಬ ಕಿರಿದಾದ ಪಟ್ಟಿಯೂ ಇದೆ. ಚಿಂಚೆರೊ ಎಂಬ ಊರಿನ ಕಡೆಯ ಹುಡುಗಿಯರು ನೇಯ್ಗೆ ಕಲಿಯುವುದು ಇದರಲ್ಲೇ. ಕಿವಿ ಮುಚ್ಚುವ ಚುಯ್ಯೊ ಟೋಪಿ ನೇಯ್ದದ್ದಲ್ಲ, ಸೂಜಿಯಲ್ಲಿ ಹೆಣೆದದ್ದು. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಆಲೂಗಡ್ಡೆ ತುಂಬುವ ಚೀಲಗಳನ್ನೂ ನೋಡಿ. ಕಂದು, ಬೂದಿ, ಬಿಳಿ ಪಟ್ಟೆ ಬಿಟ್ಟರೆ ಬೇರೆ ಚಿತ್ತಾರ ಇರುವುದಿಲ್ಲ. ಬಣ್ಣವೂ ಹಾಕಿರುವುದಿಲ್ಲ, ಪ್ರಾಣಿಯ ಉಣ್ಣೆಯ ಸಹಜ ಬಣ್ಣವೇ. ಪ್ರವಾಸಿಗರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನನಗಂತೂ ಅಂಗಡಿಯಲ್ಲಿರುವ ಅತಿ ಚಂದದ ಬಟ್ಟೆ ಎಷ್ಟೋ ಸಲ ಅದೇ ಅನ್ನಿಸುತ್ತದೆ.

ಮೊದಲ ಹೆಜ್ಜೆ: ನಾಲ್ಕೂ ಬದಿ ನೋಡಿ

ಬಟ್ಟೆ ಬಿಡಿಸಿ, ನಾಲ್ಕೂ ಅಂಚಿನ ಮೇಲೆ ಬೆರಳಾಡಿಸಿ. ಕತ್ತರಿಸಿ ಮಡಚಿ ಹೊಲಿದ ಬದಿ ಸಿಕ್ಕಿತೇ? ಹಾಗಿದ್ದರೆ ಅದು ಹಳ್ಳಿಯ ಸಾಂಪ್ರದಾಯಿಕ ಮಗ್ಗದಿಂದ ಬಂದ ಇಡೀ ಬಟ್ಟೆ ಅಲ್ಲ.

ನಮ್ಮ ಸೀರೆಯ ಸೆರಗಿನ ತುದಿಯಲ್ಲಿ ಎಳೆ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಕುಚ್ಚು ಕಟ್ಟುತ್ತೇವೆ. ಮಗ್ಗದಿಂದ ಬಿಡಿಸುವಾಗ ಹಾಸಿನ ಎಳೆ, ಅಂದರೆ ಉದ್ದಕ್ಕೆ ಓಡುವ ನೂಲು, ಕತ್ತರಿಸಲೇಬೇಕು, ಅಲ್ವಾ? ಕೆಚುವಾ ಮಗ್ಗದಲ್ಲಿ ಆ ಕತ್ತರಿಯೇ ಇಲ್ಲ. ಎರಡು ಕೋಲುಗಳ ನಡುವೆ ಹಾಸಿನ ನೂಲು ಸುತ್ತಿ ಸುತ್ತಿ ಹೋಗುತ್ತದೆ, ತುದಿಯಲ್ಲಿ ಕುಣಿಕೆಯಾಗಿ ವಾಪಸು ಬರುತ್ತದೆ. ಒಂದು ಕೋಲನ್ನು ಗೂಟಕ್ಕೆ ಕಟ್ಟುತ್ತಾರೆ. ಇನ್ನೊಂದನ್ನು ಪಟ್ಟಿಯ ಮೂಲಕ ತಮ್ಮ ಸೊಂಟಕ್ಕೇ ಕಟ್ಟಿಕೊಳ್ಳುತ್ತಾರೆ. ಹಿಂದಕ್ಕೆ ಒರಗಿದರೆ ನೂಲು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಇನ್ನೂ ಮೇಲಿನ ಬೆಟ್ಟದ ಊರುಗಳಲ್ಲಿ ನೆಲಕ್ಕೆ ನಾಲ್ಕು ಗೂಟ ಹೊಡೆದು ಕೋಲುಗಳನ್ನು ಅದಕ್ಕೆ ಬಿಗಿಯುತ್ತಾರೆ. ಎರಡರಲ್ಲೂ ನೇಯ್ಗೆ ಮುಗಿದ ಮೇಲೆ ಕೋಲು ಎಳೆದರೆ ಸಾಕು. ನಾಲ್ಕೂ ಬದಿ ಮುಗಿದಿರುವ ಬಟ್ಟೆ ಕೈಗೆ ಬರುತ್ತದೆ.

ಇದಕ್ಕೊಂದು ಬೆಲೆ ತೆರಬೇಕು. ನೇಕಾರ್ತಿ ಒಂದು ತುದಿಯಲ್ಲಿ ಸ್ವಲ್ಪ ನೇಯ್ದು, ಮಗ್ಗ ತಿರುಗಿಸಿ, ಇನ್ನೊಂದು ತುದಿಯಿಂದ ನೇಯುತ್ತಾ ಬರುತ್ತಾಳೆ. ಎರಡೂ ಕಡೆಯ ನೇಯ್ಗೆ ಹತ್ತಿರ ಬಂದಂತೆ ಎಳೆಗಳನ್ನು ಅಗಲಿಸಲು ಜಾಗವೇ ಇರುವುದಿಲ್ಲ. ಹೊಕ್ಕು (ಅಡ್ಡಕ್ಕೆ ಹಾಯುವ ನೂಲು) ಬಡಿಯುವ ಕೋಲು ಒಳಗೆ ತೂರುವುದಿಲ್ಲ. ಕೊನೆಗೆ ದಪ್ಪ ಸೂಜಿಯಲ್ಲಿ ಹೊಕ್ಕಿನ ನೂಲನ್ನು ಹಾಯಿಸಬೇಕು. ಆ ಜಾಗದಲ್ಲಿ ಚಿತ್ತಾರ ಇಕ್ಕಟ್ಟಾಗುತ್ತದೆ, ಸರಳವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಒಂದು ತುದಿಯ ಹತ್ತಿರ ಕಿರಿದಾದ ಪಟ್ಟಿಯಾಗಿ ಕಾಣುವ ಈ ಜಾಗವನ್ನು ಹುಡುಕಿ. ಅದನ್ನು ದೋಷ ಅಂದುಕೊಂಡು ಬೆಲೆ ಇಳಿಸಲು ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ಕೈನೇಯ್ಗೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಅಂಚಿಗೆ ಕೊಳವೆಯಂತೆ ದುಂಡಗಿರುವ, ಸಣ್ಣ ಸಣ್ಣ ಕಣ್ಣುಗಳ ಸಾಲಿರುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಅದರ ಹೆಸರು ನ್ಯಾವಿ ಅವಪಾ. ಅದನ್ನು ಬೇರೆಯಾಗಿ ಮಾಡಿ ಅಂಟಿಸುವುದಿಲ್ಲ. ನೇಯುತ್ತಲೇ ಅದರ ಹೊಕ್ಕಿನಿಂದ ಬಟ್ಟೆಯ ಅಂಚನ್ನು ಹೊಲಿಯುತ್ತಾ ಹೋಗುತ್ತಾರೆ. ಚಿಂಚೆರೊದ ಬಟ್ಟೆಗಳಲ್ಲಿ ಇದನ್ನು ಜಾಸ್ತಿ ನೋಡುತ್ತೀರಿ.

ಎರಡು: ಮಗುಚಿ ನೋಡಿ

ಈ ನೇಯ್ಗೆಯಲ್ಲಿ ಕಾಣುವುದೆಲ್ಲ ಹಾಸಿನ ಎಳೆ. ಹೊಕ್ಕು ಒಳಗೆ ಅಡಗಿರುತ್ತದೆ. ಬಟ್ಟೆಯ ಬಣ್ಣ ಬರಿಯ ಪಟ್ಟೆಗಳಾಗಿ ಉದ್ದಕ್ಕೆ ಓಡುವುದು ಅದಕ್ಕೇ. ಏನೂ ಚಿತ್ತಾರವಿಲ್ಲದ ಬಯಲು ಪಟ್ಟಿಗೆ ಪಂಪಾ ಎಂದೂ, ಚಿತ್ತಾರದ ಪಟ್ಟಿಗೆ ಪಲ್ಯಾಯ್ ಎಂದೂ ಹೆಸರು. ಪಲ್ಯಾಯ್ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂದು ಬೆರಳಿನಲ್ಲೇ ಆರಿಸಬೇಕು. ಮುಂದೆ ನಕ್ಷೆ ಇಟ್ಟುಕೊಂಡಿರುವುದಿಲ್ಲ. ಎಣಿಕೆ ತಲೆಯಲ್ಲಿರುತ್ತದೆ.

ಹಾಸಿನಲ್ಲಿ ಎರಡು ಬಣ್ಣದ ಎಳೆ ಜೋಡಿಯಾಗಿ ಇರುತ್ತವೆ. ಒಂದು ಮೇಲೆ ಬಂದರೆ ಇನ್ನೊಂದು ಕೆಳಗೆ. ಹಾಗಾಗಿ ಮುಂಬದಿಯಲ್ಲಿ ಕೆಂಪು ನೆಲದ ಮೇಲೆ ಬಿಳಿ ಚಿತ್ತಾರ ಇದ್ದರೆ, ಹಿಂಬದಿಯಲ್ಲಿ ಬಿಳಿ ನೆಲದ ಮೇಲೆ ಕೆಂಪು ಚಿತ್ತಾರ ಇರಬೇಕು. ಅಷ್ಟೇ ಅಚ್ಚುಕಟ್ಟಾಗಿ. ಹಿಂದೆ ಉದ್ದುದ್ದ ಎಳೆ ನೇತಾಡುತ್ತಿದ್ದರೆ ಅನುಮಾನ ಪಡಿ. ಆದರೆ ತಕ್ಷಣ ತಳ್ಳಿಹಾಕಬೇಡಿ. ಹೆಚ್ಚುವರಿ ಹಾಸು ಸೇರಿಸಿ ನೇಯುವ ಇನ್ನೊಂದು ವಿಧಾನವೂ ಅಲ್ಲಿದೆ. ಅದರಲ್ಲಿ ಹಿಂಬದಿ ಎಳೆ ಬಿಟ್ಟುಕೊಂಡೇ ಇರುತ್ತದೆ. ಅಂಥಾ ಕಡೆ ಅಂಚಿನ ಪರೀಕ್ಷೆಯೇ ನಿಮ್ಮ ಕೈ ಹಿಡಿಯುತ್ತದೆ.

ಇನ್ನೊಂದು ಮಾತು. ಸ್ಪೇನಿನವರು ತಂದ ಕಾಲುಮಗ್ಗವೂ ಅಲ್ಲಿ ನೂರಾರು ವರ್ಷಗಳಿಂದ ಇದೆ. ಅದರಲ್ಲಿ ನೇಯ್ದ ಶಾಲು, ಲಂಗದ ಬಟ್ಟೆಗೆ ಕತ್ತರಿಸಿದ ತುದಿ ಇದ್ದೇ ಇರುತ್ತದೆ. ಅದೂ ಕೈಕೆಲಸವೇ, ಮೋಸ ಅಲ್ಲ. ಬೇರೆ ಬಗೆ, ಬೇರೆ ಬೆಲೆ, ಅಷ್ಟೇ.

ಮೂರು: ನೂಲು

ಪುಷ್ಕಾ ಅನ್ನುವುದು ಅವರ ತಕಲಿ. ದಾರಿಯಲ್ಲಿ ನಡೆಯುತ್ತಾ, ಕುರಿ ಮೇಯಿಸುತ್ತಾ, ಮಾತಾಡುತ್ತಾ ನೂಲುತ್ತಲೇ ಇರುತ್ತಾರೆ. ಎರಡೆಳೆ ಸೇರಿಸಿ ಬಿಗಿಯಾಗಿ ಹುರಿ ಹಾಕುತ್ತಾರೆ. ಒಳ್ಳೆಯ ಲಿಕ್ಲ್ಯಾ ಮುಟ್ಟಿದರೆ ಮೆತ್ತಗೆ ಇರುವುದಿಲ್ಲ. ಬಿಗಿಯಾಗಿ, ಸ್ವಲ್ಪ ಒರಟಾಗಿ, ಭಾರವಾಗಿ ಇರುತ್ತದೆ. ಹೊರೆ ಹೊರುವ ಬಟ್ಟೆ ಅದು. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದೂ ಇಂಥ ಬಟ್ಟೆಯಲ್ಲೇ. ಬೆಣ್ಣೆಯಂತೆ ಮೃದು ಅಂತ ಹೊಗಳಿದರೆ ಆ ಹೊಗಳಿಕೆಯೇ ತಪ್ಪು ಜಾಗದಲ್ಲಿದೆ.

ಕಣ್ಣು ಚುರುಕಾಗಿದ್ದರೆ ಅಂಚಿನ ಹತ್ತಿರ ಒಂದು ವಿಷಯ ಗಮನಿಸಿ. ಕೆಲವು ಎಳೆಗಳ ಹುರಿ ಬಲಕ್ಕೆ, ಪಕ್ಕದವುಗಳದ್ದು ಎಡಕ್ಕೆ ತಿರುಗಿರುತ್ತದೆ. ಎರಡೂ ಸೇರಿದ ಕಡೆ ಮೀನಿನ ಮುಳ್ಳಿನ ಹಾಗೆ ಗೆರೆ ಮೂಡುತ್ತದೆ. ಎಡಕ್ಕೆ ನೂತ ಆ ನೂಲಿಗೆ ಯೋಕೆ ಎನ್ನುತ್ತಾರೆ. ಅದು ಕೆಟ್ಟದ್ದನ್ನು ದೂರ ಇಡುತ್ತದೆ ಎಂಬ ನಂಬಿಕೆ ಇದೆ. ಕೆಲಸದ ಉಪಯೋಗವೂ ಇದೆ: ಎರಡು ದಿಕ್ಕಿನ ಹುರಿ ಒಂದನ್ನೊಂದು ಎಳೆದು ಹಿಡಿಯುವುದರಿಂದ ಅಂಚು ಸುರುಳಿಕೊಳ್ಳುವುದಿಲ್ಲ.

ಉಣ್ಣೆಯೋ ಅಕ್ರಿಲಿಕ್ಕೋ ಎಂದು ತಿಳಿಯಲು ಹಳೆಯ ಉಪಾಯವೇ ಸಾಕು. ಅಂಗಡಿಯವರನ್ನು ಕೇಳಿ ಒಂದು ಚೂರು ಎಳೆ ಪಡೆದು, ಹೊರಗೆ ಹೋಗಿ ಸುಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಎಳೆ ಕೊಡಲು ಒಪ್ಪದಿದ್ದರೆ ಒತ್ತಾಯ ಬೇಡ. ಬಟ್ಟೆಯ ಮೇಲಂತೂ ಬೆಂಕಿಕಡ್ಡಿ ಗೀರಬೇಡಿ.

"ಬೇಬಿ ಅಲ್ಪಾಕಾ" ಅನ್ನುವ ಪದ ಎಲ್ಲ ಕಡೆ ಕೇಳುತ್ತೀರಿ. ಅದು ಮರಿಯ ಉಣ್ಣೆ ಅಂತಲ್ಲ, ಎಳೆ ಎಷ್ಟು ತೆಳು ಎಂಬುದರ ದರ್ಜೆ. ಹೆಣೆದ ಸ್ವೆಟರ್‌ಗೆ ಅದು ಬೇಕಾಗಬಹುದು, ಹಳ್ಳಿಯ ನೇಯ್ಗೆಗೆ ಅದರ ಅಗತ್ಯ ಇಲ್ಲ. ಹಳ್ಳಿಯ ಬಟ್ಟೆ ಬಹಳಷ್ಟು ಕುರಿ ಉಣ್ಣೆಯದ್ದೇ. ಕುರಿ ಸ್ಪೇನಿನವರ ಜೊತೆ ಬಂದದ್ದು, ಈಗ ಅಲ್ಲಿನದೇ ಆಗಿದೆ. ಇನ್ನು ವಿಕುನ್ಯಾ ಕಾಡುಪ್ರಾಣಿ. ಅದರ ಉಣ್ಣೆಯ ವ್ಯಾಪಾರ ಅಂತರರಾಷ್ಟ್ರೀಯ ನಿಯಮದ ಕೆಳಗಿದೆ. ಕಡಿಮೆ ಬೆಲೆಗೆ ವಿಕುನ್ಯಾ ಕೊಡುತ್ತೇವೆ ಅಂದವರನ್ನು ನಗುತ್ತಲೇ ದಾಟಿ ಹೋಗಿ.

ನಾಲ್ಕು: ಬಣ್ಣ

ಕೆಂಪು ಬಣ್ಣ ಬರುವುದು ಕೊಚಿನಿಯಲ್ ಎಂಬ ಹುಳದಿಂದ. ಪಾಪಾಸುಕಳ್ಳಿಯ ಜಾತಿಯ ಗಿಡದ ಮೇಲೆ ಬಿಳಿ ಬೂಷ್ಟಿನಂತೆ ಅಂಟಿಕೊಂಡಿರುತ್ತದೆ. ಹೆಣ್ಣು ಹುಳವನ್ನು ಒಣಗಿಸಿ ಅರೆಯುತ್ತಾರೆ. ಚಿಂಚೆರೊದಲ್ಲಿ ನೇಕಾರ್ತಿಯರು ಒಂದು ಹುಳವನ್ನು ಅಂಗೈಯಲ್ಲೇ ಹಿಸುಕಿ ತೋರಿಸುತ್ತಾರೆ, ಕೈಯೆಲ್ಲ ಕಡುಗೆಂಪು. ಅದಕ್ಕೆ ನಿಂಬೆರಸ ಬಿಟ್ಟರೆ ಕಿತ್ತಳೆಗೆಂಪು, ಬೂದಿಯಂಥ ಕ್ಷಾರ ಸೇರಿಸಿದರೆ ನೇರಳೆ. ಒಂದೇ ಹುಳದಿಂದ ಹಲವು ಬಣ್ಣ. ರೇಷ್ಮೆ ಉಡದವರು, ಅಹಿಂಸೆಯ ಕಾರಣಕ್ಕೆ ಯೋಚಿಸುವವರು ಈ ಕೆಂಪಿನ ಮೂಲ ತಿಳಿದುಕೊಂಡೇ ಕೊಳ್ಳಲಿ.

ಈ ಹುಳದ ಸೋದರಸಂಬಂಧಿ ನಮ್ಮ ಕಡೆಗೂ ಬಂದಿತ್ತು. ಹೊಲ ಬಯಲು ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ನಾಶ ಮಾಡಲು ಅದೇ ಕುಲದ ಬೇರೆ ಜಾತಿಯ ಹುಳವನ್ನು 1920ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಬಿಟ್ಟರು. ಅಲ್ಲಿ ಹುಳಕ್ಕಾಗಿ ಕಳ್ಳಿ ಬೆಳೆಸಿದರು, ಇಲ್ಲಿ ಕಳ್ಳಿ ಕೊಲ್ಲಲು ಹುಳ ತಂದರು.

ಹಸಿರಿಗೆ ಚಿಲ್ಕಾ ಎಂಬ ಪೊದೆಯ ಎಲೆ, ಹಳದಿಗೆ ಕೊಲ್ಯೆ ಮರದ ಹೂವು, ನೀಲಿಗೆ ನೀಲಿಗಿಡ. ಬಣ್ಣ ಕಚ್ಚಲು ಪಟಿಕ. ಹೀಗೆ ಬಣ್ಣ ಕಟ್ಟಿದ ಬಟ್ಟೆಯಲ್ಲಿ ಒಂದೇ ಕೆಂಪು ಪಟ್ಟಿಯೊಳಗೆ ತುಸು ಏರಿಳಿತ ಕಾಣುತ್ತದೆ. ಒದ್ದೆ ಮಾಡಿದ ಬಿಳಿ ಕರವಸ್ತ್ರವನ್ನು ಮೂಲೆಯಲ್ಲಿ ಒತ್ತಿ ನೋಡಿ. ಬಣ್ಣ ಜೋರಾಗಿ ಅಂಟಿದರೆ ಆ ಬಟ್ಟೆ ಒಗೆಯಲು ಬಾರದು ಎಂದೇ ಲೆಕ್ಕ.

ಹಾಗಂತ ಕಣ್ಣು ಕುಕ್ಕುವ ಗುಲಾಬಿ ಬಣ್ಣ ಕಂಡ ಕೂಡಲೇ ನಕಲಿ ಅನ್ನಬೇಡಿ. ರಾಸಾಯನಿಕ ಬಣ್ಣಗಳು ಆಂಡಿಸ್‌ಗೆ 19ನೇ ಶತಮಾನದ ಕೊನೆಯಲ್ಲೇ ಬಂದವು. ಹಳ್ಳಿಯ ಹೆಂಗಸರು ತಮಗಾಗಿ ನೇಯುವಾಗ ಹೊಳೆಯುವ ಅಕ್ರಿಲಿಕ್ ನೂಲನ್ನು ಖುಷಿಯಿಂದ ಬಳಸುತ್ತಾರೆ. ಮಸುಕು ಬಣ್ಣವೇ ಅಸಲಿ ಅನ್ನುವುದು ಕೊಳ್ಳುವ ನಮ್ಮ ರುಚಿ. ಅಕ್ರಿಲಿಕ್‌ನಲ್ಲಿ ನೇಯ್ದರೂ ಕೈನೇಯ್ಗೆ ಕೈನೇಯ್ಗೆಯೇ. ಅಕ್ರಿಲಿಕ್ಕನ್ನು ಅಲ್ಪಾಕಾ ಅಂತ ಹೇಳಿ ಮಾರಿದರೆ ಮಾತ್ರ ಜಗಳ.

ಐದು: ಈಗ ಚಿತ್ತಾರ

ಮಾರುಕಟ್ಟೆಯಲ್ಲಿ ಒಂದು ಪಟ್ಟಿ ಸಿಗುತ್ತದೆ: ಈ ಗುರುತಿಗೆ ಫಲವತ್ತತೆ, ಆ ಗುರುತಿಗೆ ಶಾಂತಿ, ಇನ್ನೊಂದಕ್ಕೆ ಮೂರು ಲೋಕ. ಅದನ್ನು ಅಲ್ಲೇ ಬಿಟ್ಟು ಬನ್ನಿ. ಒಂದೇ ಆಕಾರಕ್ಕೆ ಒಂದು ಊರಿನಲ್ಲಿ ಒಂದು ಹೆಸರು, ಬೆಟ್ಟದಾಚೆ ಇನ್ನೊಂದು. ಚಿತ್ತಾರ ಮೊದಲು ಹೇಳುವುದು ಬಟ್ಟೆ ಯಾವ ಊರಿನದು ಎಂದು. ಆ ದೃಷ್ಟಿಯಿಂದ ಓದಲು ಕಲಿತರೆ ಮಾರುಕಟ್ಟೆಯೇ ಬೇರೆಯಾಗಿ ಕಾಣುತ್ತದೆ.

ಚಿಂಚೆರೊದ ಗುರುತು ಲೊರಾಯ್ಪು. ಅಂಕುಡೊಂಕಾದ ಪಟ್ಟೆ, ವಜ್ರಾಕಾರ, ಅದರೊಳಗೆ ಕೊಕ್ಕೆಯಂತೆ ಸುತ್ತಿಕೊಂಡ ಗೆರೆಗಳು. ಲಿಕ್ಲ್ಯಾದಲ್ಲಿ ಇದು ಕಂಡರೆ ಚಿಂಚೆರೊ ಎಂದು ಊಹಿಸಬಹುದು. ಮಾಯು ಕೆಂಕೊ ಎಂದರೆ ಬಳುಕುವ ಹೊಳೆ. ಅಂಕುಡೊಂಕು ಗೆರೆಯ ಹಲವು ರೂಪಗಳಿಗೆ ಈ ಹೆಸರಿದೆ. ಕೆರೆ, ನಕ್ಷತ್ರ, ಕಣ್ಣು, ಎಲೆ, ಗುದ್ದಲಿ ಹೀಗೆ ಸುತ್ತಮುತ್ತ ಕಾಣುವುದೇ ಹೆಚ್ಚು. ಎತ್ತರದ ಕೆರೊ ಊರುಗಳ ಬಟ್ಟೆಯಲ್ಲಿ ಸೂರ್ಯ ಪ್ರಧಾನ. ವಜ್ರಾಕಾರದ ನಡುವಿನಿಂದ ಹೊರಗೆ ಚಾಚಿದ ಕಿರಣಗಳು ಎದ್ದು ಕಾಣುತ್ತವೆ.

ಪಿಟುಮಾರ್ಕಾದ ಹೆಸರು ನೆನಪಿಟ್ಟುಕೊಳ್ಳಿ. ಅಲ್ಲಿ ತಿಕ್ಲ್ಯಾ ಎಂಬ ನೇಯ್ಗೆ ಉಳಿದಿದೆ. ಹಾಸಿನ ಎಳೆ ತುದಿಯಿಂದ ತುದಿಗೆ ಹೋಗುವುದಿಲ್ಲ. ನಡುವೆ ಒಂದು ಆಸರೆ ನೂಲು ಕಟ್ಟಿ, ಅಲ್ಲಿಗೆ ಒಂದು ಬಣ್ಣ ನಿಲ್ಲಿಸಿ, ಇನ್ನೊಂದು ಬಣ್ಣವನ್ನು ಅದಕ್ಕೆ ಕೊಂಡಿ ಹಾಕಿ ಮುಂದುವರಿಸುತ್ತಾರೆ. ಆಮೇಲೆ ಆ ಆಸರೆ ನೂಲನ್ನು ತೆಗೆದುಬಿಡುತ್ತಾರೆ. ಉದ್ದಕ್ಕೆ ಓಡುವ ಪಟ್ಟೆ ಇದ್ದಕ್ಕಿದ್ದಂತೆ ಬಣ್ಣ ಬದಲಿಸಿದ್ದು ಕಂಡರೆ ಅಲ್ಲಿ ನಿಲ್ಲಿ. ಇಂಥ ಬಟ್ಟೆ ಸುಲಭಕ್ಕೆ ಸಿಗುವುದಿಲ್ಲ, ಬೆಲೆಯೂ ಕಡಿಮೆ ಇರುವುದಿಲ್ಲ.

ಪಿಸಾಕ್, ಕಾಲ್ಕಾ ಕಡೆಯ ಬಟ್ಟೆಗಳಲ್ಲಿ ಒಮ್ಮೊಮ್ಮೆ ನಡುವೆ ಒಬ್ಬ ಮನುಷ್ಯ, ಸುತ್ತ ಕುದುರೆಗಳು ಕಾಣುತ್ತವೆ. ಚಂದದ ಪ್ರಾಣಿಚಿತ್ರ ಅಂತ ನಕ್ಕು ಮುಂದೆ ಹೋಗಬೇಡಿ. ಅದು ಎರಡನೇ ತುಪಾಕ್ ಅಮಾರು. ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆ ಎದ್ದ ಅವನನ್ನು 1781ರ ಮೇ 18ರಂದು ಕುಸ್ಕೊದ ಚೌಕದಲ್ಲಿ ಕೊಂದರು. ನಾಲ್ಕು ಕುದುರೆಗೆ ಕೈಕಾಲು ಕಟ್ಟಿ ಎಳೆಸಿದರು, ಆದರೂ ದೇಹ ಹರಿಯಲಿಲ್ಲ, ತಲೆ ಕಡಿದರು. ಅದೇ ತೀರ್ಪಿನಲ್ಲಿ ಇಂಕಾ ಉಡುಪು ತೊಡುವುದನ್ನೂ ನಿಷೇಧಿಸಿದರು. ಉಡುಪು ನಿಷೇಧವಾದ ಜನರ ನೇಯ್ಗೆಯಲ್ಲೇ ಆ ಕುದುರೆಗಳು ಇಂದಿಗೂ ಇವೆ.

ಕುಸ್ಕೊ ದಾಟಿ ಹೋಗುವವರಿಗೆ ಇನ್ನೆರಡು ಊರು. ಟಿಟಿಕಾಕಾ ಸರೋವರದ ಟಕೀಲೆ ದ್ವೀಪದಲ್ಲಿ ಕೆಚುವಾ ಮಾತಾಡುತ್ತಾರೆ. ಟೋಪಿ ಹೆಣೆಯುವವರು ಗಂಡಸರು. ವರ್ಷದ ಬೇಸಾಯ, ಹಬ್ಬಗಳನ್ನು ಚಿತ್ತಾರದಲ್ಲಿ ಹೇಳುವ ಅಗಲ ಸೊಂಟಪಟ್ಟಿ ಅಲ್ಲಿನ ವಿಶೇಷ. ಅಲ್ಲಿನ ಜವಳಿ ಕಲೆಯನ್ನು ಯುನೆಸ್ಕೊ 2005ರಲ್ಲಿ ಗುರುತಿಸಿ, 2008ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಬೊಲಿವಿಯಾದ ಸುಕ್ರೆ ಹತ್ತಿರದ ಹಾಲ್ಕಾ ಜನರ ಬಟ್ಟೆ ಇವೆಲ್ಲಕ್ಕಿಂತ ಬೇರೆ. ಕೆಂಪು, ಕಪ್ಪು ಎರಡೇ ಬಣ್ಣ. ತಲೆಕೆಳಗಾದ, ಒಂದರೊಳಗೊಂದು ಸೇರಿದ ವಿಚಿತ್ರ ಪ್ರಾಣಿಗಳು. ಸಾಲಿಲ್ಲ, ಸಮತೋಲವಿಲ್ಲ. ಪಾತಾಳ ಲೋಕದ ಜೀವಿಗಳು ಅವು. ಅದೇ ಸುಕ್ರೆಯ ಇನ್ನೊಂದು ಬದಿಯ ತಾರಾಬುಕೊದ ನೇಯ್ಗೆಯಲ್ಲಿ ಕುದುರೆ, ಜನ, ಹಬ್ಬ ಎಲ್ಲ ಸಾಲಾಗಿ ಶಿಸ್ತಾಗಿ ನಿಂತಿರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಆರು: ಎಲ್ಲಿ, ಹೇಗೆ ಕೊಳ್ಳುವುದು

ಕುಸ್ಕೊ ತಲುಪಿದ ಮೊದಲ ದಿನ ಏನನ್ನೂ ಕೊಳ್ಳಬೇಡಿ. ಕೊರಿಕಾಂಚಾ ದೇವಾಲಯದ ಹತ್ತಿರ ಅವೆನಿದಾ ಎಲ್ ಸೋಲ್ ರಸ್ತೆಯಲ್ಲಿ ಕುಸ್ಕೊ ಸಾಂಪ್ರದಾಯಿಕ ಜವಳಿ ಕೇಂದ್ರ ಇದೆ. ಚಿಂಚೆರೊದ ನೇಕಾರ್ತಿ ನಿಲ್ಡಾ ಕಾಯಾನ್ಯಾವ್ಪಾ ಅಲ್ವಾರೆಸ್ ಮತ್ತು ಜೊತೆಗಾರರು 1996ರಲ್ಲಿ ಕಟ್ಟಿದ ಸಂಸ್ಥೆ. ಹಲವು ಹಳ್ಳಿಗಳ ನೇಕಾರರು ಇದರಲ್ಲಿದ್ದಾರೆ. ಮೊದಲು ಅಲ್ಲಿನ ಪ್ರದರ್ಶನ ನೋಡಿ. ನೇಕಾರರು ಕೂತು ನೇಯುವುದನ್ನು ನೋಡಿ. ಬಟ್ಟೆ ಮುಟ್ಟಿ. ಒಳ್ಳೆಯ ಕೆಲಸದ ಬೆಲೆ ಎಷ್ಟಿರುತ್ತದೆ ಎಂಬ ಅಂದಾಜು ಸಿಗುತ್ತದೆ. ಆಮೇಲೆ ಬೇರೆ ಕಡೆ ಹೋದರೆ ಕಣ್ಣು ತಾನೇ ಕೆಲಸ ಮಾಡುತ್ತದೆ.

ಚಿಂಚೆರೊದಲ್ಲಿ ಭಾನುವಾರ ಸಂತೆ. ಟೂರ್ ಬಸ್ಸುಗಳು ನಿಲ್ಲುವ ಮನೆಗಳಲ್ಲಿ ಉಣ್ಣೆ ತೊಳೆಯುವುದರಿಂದ ನೇಯುವವರೆಗೆ ಎಲ್ಲ ತೋರಿಸುತ್ತಾರೆ. ತೋರಿಸುವುದು ಅಸಲಿಯೇ. ಆದರೆ ಪಕ್ಕದ ಮೇಜಿನ ಮೇಲಿರುವುದೆಲ್ಲ ಅಲ್ಲೇ ಆದದ್ದು ಅಂತ ನಂಬಬೇಕಿಲ್ಲ. ಅಂಚಿನ ಪರೀಕ್ಷೆ ಅಲ್ಲೂ ಮಾಡಿ.

ಎರಡು ಸ್ಪ್ಯಾನಿಶ್ ಪ್ರಶ್ನೆ ಬಾಯಿಪಾಠ ಮಾಡಿಕೊಳ್ಳಿ. "ಕಿಯೆನ್ ಲೊ ತೆಹಿಯೊ?" ಅಂದರೆ ಇದನ್ನು ಯಾರು ನೇಯ್ದರು. "ದೆ ಕೆ ಕೊಮುನಿದಾದ್ ಎಸ್?" ಅಂದರೆ ಇದು ಯಾವ ಊರಿನದು. ಅರ್ಥ ಕೇಳಿದರೆ ಕಥೆ ಕಟ್ಟುವುದು ಸುಲಭ. ಹೆಸರು, ಊರು ಕೇಳಿದರೆ ಗೊತ್ತಿದ್ದವರು ಥಟ್ಟನೆ ಹೇಳುತ್ತಾರೆ. ನಾನೇ ನೇಯ್ದದ್ದು ಅಂದರೆ ಸೂಜಿ ಹಾಕಿ ಮುಗಿಸಿದ ಜಾಗ ತೋರಿಸಲು ಕೇಳಿ. ಅದನ್ನು ಕೇಳುವ ಪ್ರವಾಸಿಗರು ಕಡಿಮೆ, ಹಾಗಾಗಿ ಮಾತು ಬೆಳೆಯುತ್ತದೆ.

ಚೌಕಾಸಿ ನಮಗೆ ರಕ್ತಗತ. ಕಾರ್ಖಾನೆಯ ಮಾಲು ತುಂಬಿದ ಅಂಗಡಿಯಲ್ಲಿ ಧಾರಾಳವಾಗಿ ಮಾಡಿ. ನೇಯ್ದವರೇ ಎದುರಿಗೆ ಕೂತಿದ್ದರೆ ಚೌಕಾಸಿಗೆ ಕಡಿವಾಣ ಹಾಕಿ. ಮನೆ, ಹೊಲ, ಮಕ್ಕಳ ನಡುವೆ ಒಂದು ಲಿಕ್ಲ್ಯಾಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬಜೆಟ್ ಕಡಿಮೆಯಿದ್ದರೆ ದೊಡ್ಡ ಬಟ್ಟೆಯ ಬೆಲೆ ಇಳಿಸುವ ಬದಲು ಒಳ್ಳೆಯ ಚುಸ್ಪಾ ಅಥವಾ ಚುಂಪಿ ಕೊಳ್ಳಿ. ಕೆಲಸ ಅಷ್ಟೇ ನಯ, ಹೊರಲೂ ಸುಲಭ.

"ಸಾವಿರ ವರ್ಷ ಹಳೆಯದು, ಸಮಾಧಿಯಲ್ಲಿ ಸಿಕ್ಕಿದ್ದು" ಅಂತ ಯಾರಾದರೂ ಗುಟ್ಟಾಗಿ ಬಟ್ಟೆ ಚೂರು ತೋರಿಸಿದರೆ ಮುಟ್ಟಲೂ ಬೇಡಿ. ಸುಳ್ಳಾದರೆ ದುಡ್ಡು ಹೋಯಿತು. ನಿಜವಾದರೆ ಇನ್ನೂ ಕಷ್ಟ, ಪೆರುವಿನಿಂದ ಪ್ರಾಚೀನ ವಸ್ತು ಹೊರಗೆ ಒಯ್ಯುವುದು ಅಪರಾಧ.

ಏಳು: ಮನೆಗೆ ತಂದ ಮೇಲೆ

ಮೊದಲ ಕೆಲಸ, ನುಸಿ ಇದೆಯೇ ನೋಡುವುದು. ಹೊಲಿಗೆಯ ಸಂದು, ಚೀಲದ ಒಳಮೂಲೆಗಳನ್ನು ಬಿಸಿಲಲ್ಲಿ ಪರೀಕ್ಷಿಸಿ. ಅನುಮಾನ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಎರಡು ವಾರ ಫ್ರೀಜರ್‌ನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಒಗೆಯುವುದು ಕಡಿಮೆ ಇರಲಿ. ಗಾಳಿಗೆ ಹರವಿ ಕೊಡವಿದರೆ ಬಹಳಷ್ಟು ಸಲ ಸಾಕು. ಒಗೆಯಲೇಬೇಕಾದರೆ ಮೂಲೆಯಲ್ಲಿ ಬಣ್ಣ ಪರೀಕ್ಷಿಸಿ, ತಣ್ಣೀರು, ಸೌಮ್ಯ ಸೋಪು, ಕೈಯಲ್ಲಿ ಮೆಲ್ಲಗೆ ಒತ್ತುವುದು. ಉಜ್ಜಬೇಡಿ, ಹಿಂಡಬೇಡಿ. ವಾಷಿಂಗ್ ಮೆಷಿನ್ ಅಂತೂ ಬೇಡವೇ ಬೇಡ. ಕೊಚಿನಿಯಲ್ ಕೆಂಪಿಗೆ ನಿಂಬೆ, ವಿನೆಗರ್, ಸೋಡಾ ಯಾವುದೂ ಸೋಕಬಾರದು, ಯಾಕೆಂದು ಮೇಲೆ ನೋಡಿದಿರಿ. ನೆರಳಲ್ಲಿ ಟವೆಲ್ ಮೇಲೆ ಹರವಿ ಒಣಗಿಸಿ.

ಮಳೆಗಾಲದಲ್ಲಿ ಕಪಾಟಿನೊಳಗೆ ಪ್ಲಾಸ್ಟಿಕ್ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮಡಚುವ ಬದಲು ಸುರುಳಿ ಮಾಡಿ. ಒಣಗಿದ ಬೇವಿನೆಲೆ ಜೊತೆಗಿಟ್ಟರೂ ಅದನ್ನೇ ನಂಬಿ ಕೂರಬೇಡಿ, ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಗೋಡೆಗೆ ಹಾಕುವವರು ಬಿಸಿಲು ಬೀಳದ ಗೋಡೆ ಹುಡುಕಿ. ಮೊಳೆ ಹೊಡೆಯುವುದು ಬೇಡ. ಹಿಂಬದಿಯ ಮೇಲಂಚಿಗೆ ಹತ್ತಿ ಪಟ್ಟಿ ಹೊಲಿದು ಅದರೊಳಗೆ ಕೋಲು ತೂರಿಸಿ. ದಿಂಬಿನ ಕವರ್ ಮಾಡಲು ಕತ್ತರಿಸಬೇಕು ಅನ್ನಿಸಿದರೆ, ಅದಕ್ಕೆ ಮಾರುಕಟ್ಟೆಯಲ್ಲಿ ಮೀಟರ್ ಲೆಕ್ಕದ ಕಾರ್ಖಾನೆ ಬಟ್ಟೆ ಸಿಗುತ್ತದೆ, ಅದನ್ನೇ ಒಂದೆರಡು ಮೀಟರ್ ಜೊತೆಗೆ ತಂದುಬಿಡಿ.